ಶಾಂತಿ ಸ್ತೂಪಕ್ಕೆ ಬಾಗಿಲೇ ಇಲ್ವಲ್ಲ, ಒಳಗೆ ಏನಿರುತ್ತೆ?

ದಾವಣಗೆರೆಯ ಓದುಗರೊಬ್ರು ಕೇಳಿರೋ ಪ್ರಶ್ನೆ: "ಸರ್, ನಮ್ಮವ್ವನ್ನ ಕರ್ಕೊಂಡು ಕಾಶಿ, ಗಯಾ, ರಾಜಗೀರ್ ಟೂರ್ ಮಾಡ್ಕೊಂಡ್ ಬಂದ್ವಿ. ರಾಜಗೀರ್ ಬೆಟ್ಟದ ಮೇಲೆ ಬಿಳೀದು ದೊಡ್ಡ ವಿಶ್ವ ಶಾಂತಿ ಸ್ತೂಪ ಐತಲ್ಲ, ಅದಕ್ಕೆ ರೋಪ್‌ವೇನಾಗೆ ಹೋದ್ವಿ, ಒಬ್ಬೊಬ್ರೇ ಕೂರೋ ಕುರ್ಚಿ, ಅವ್ವ ತೊಡೆ ಮೇಲೆ ತೆಂಗಿನಕಾಯಿ ಚೀಲ ಬಿಗಿಯಾಗಿ ಹಿಡ್ಕೊಂಡು ಕಣ್ಣು ಮುಚ್ಕೊಂಡೇ ಮೇಲೆ ಬಂದ್ಲು. ಮೇಲೆ ಹೋಗಿ ಎರಡು ಸುತ್ತು ಹುಡುಕಿದ್ರೂ ಬಾಗಿಲೇ ಇಲ್ಲ. ಪೂಜಾರಿ ಇಲ್ಲ, ತೀರ್ಥ ಇಲ್ಲ. ಕಾಯಿ ಹಂಗೇ ವಾಪಸ್ ತಂದ್ವಿ. ಒಳಗೆ ಏನಿರುತ್ತೆ, ಯಾಕೆ ಬಾಗಿಲಿಟ್ಟಿಲ್ಲ?"

ಮೊದಲು ನಿಮ್ಮವ್ವನವ್ರಿಗೆ ಹೇಳಿ, ಅವರು ಮಾಡ್ಬೇಕಾದ್ದನ್ನ ಮಾಡೇ ಬಂದಿದಾರೆ ಅಂತ. ಸ್ತೂಪ ಬಲಗೈ ಕಡೆ ಬರೋ ಹಂಗೆ ಸುತ್ತಿದ್ರೆ ಅಲ್ಲಿಗೆ ಪೂಜೆ ಮುಗೀತು, ಮೂರು ಸುತ್ತು ಹಾಕೋದು ರೂಢಿ, ಒಂದು ಸುತ್ತು ಬಾಕಿ ಅಷ್ಟೇ. ಸ್ತೂಪ ಕಟ್ಟೋದೇ ಸುತ್ತೋಕೆ, ಒಳಗೆ ಹೋಗೋಕಲ್ಲ. ಲೇಹ್‌ಗೆ ಬೈಕಲ್ಲಿ ಹೋಗಿ ಬಂದ ಹುಡುಗ್ರೂ ನನ್ನತ್ರ ಇದನ್ನೇ ಕೇಳಿದಾರೆ, ಒಡಿಶಾದ ಧೌಲಿ ನೋಡಿ ಬಂದೋರೂ ಇದನ್ನೇ ಕೇಳಿದಾರೆ. ನಮಗೆ ಗುಡಿ ಅಂದ್ರೆ ಗರ್ಭಗುಡಿ, ಹೊಸ್ತಿಲು, ಒಳಗೊಂದು ದೇವ್ರು ಅಂತ ತಲೆಯಲ್ಲಿ ಕೂತುಬಿಟ್ಟಿದೆ, ಅದಕ್ಕೇ ಈ ಗೊಂದಲ.

ಸ್ತೂಪವನ್ನ ಗುಡಿ ಜೊತೆ ಹೋಲಿಸ್ಬೇಡಿ, ಗದ್ದಿಗೆ ಜೊತೆ ಹೋಲಿಸಿ. ನಮ್ಮ ದುರ್ಗ, ದಾವಣಗೆರೆ ಕಡೆ ಮಠಗಳಲ್ಲಿ ಸ್ವಾಮಿಗಳು ಐಕ್ಯ ಆದ ಜಾಗದ ಮೇಲೆ ಗದ್ದಿಗೆ ಕಟ್ತಾರಲ್ಲ, ಅದ್ರೊಳಗೆ ಯಾರೂ ಇಣುಕಿ ನೋಡಲ್ಲ, ನೋಡ್ಬೇಕು ಅಂತ ಆಸೆನೂ ಪಡಲ್ಲ, ಮುಂದೆ ನಿಂತು ಕೈ ಮುಗಿದು ಒಂದು ಸುತ್ತು ಬಂದು ಹೊರಡ್ತೀವಿ. ಸ್ತೂಪದ ಮೂಲನೂ ಇದೇ. ಬುದ್ಧ ತೀರಿಕೊಂಡಾಗ ಚಿತೆಯಲ್ಲಿ ಉಳಿದ ಅಸ್ಥಿಗೆ ರಾಜರೆಲ್ಲ ನಮಗೆ ಬೇಕು ತಮಗೆ ಬೇಕು ಅಂತ ಜಗಳಕ್ಕೇ ನಿಂತ್ರಂತೆ, ದ್ರೋಣ ಅನ್ನೋ ಬ್ರಾಹ್ಮಣ ಮಧ್ಯ ಬಂದು ಎಂಟು ಪಾಲು ಮಾಡಿ ಹಂಚಿದ ಅಂತ ಪಾಲಿ ಗ್ರಂಥದಲ್ಲಿದೆ. ಅಲ್ಲಿಗೆ ಎಂಟು ಕಡೆ ಎಂಟು ಸ್ತೂಪ. ಶಾಂತಿ ಬೋಧಿಸಿದವನ ಬೂದಿಗೇ ಯುದ್ಧ ಆಗೋ ಹಂಗಿತ್ತು ನೋಡಿ!

ಹಾಗಾಗಿ ಒಳಗೆ ಏನಿರುತ್ತೆ ಅಂದ್ರೆ, ಬಹುತೇಕ ಮಣ್ಣು, ಇಟ್ಟಿಗೆ, ಕಲ್ಲು, ಈಗಿನವಕ್ಕಾದ್ರೆ ಕಾಂಕ್ರೀಟು. ಎಲ್ಲೋ ಮಧ್ಯದಲ್ಲಿ ಒಂದು ಸಣ್ಣ ಕರಡಿಗೆ, ಅದ್ರೊಳಗೆ ಅಸ್ಥಿ ಚೂರು, ಅದೂ ಎಲ್ಲಾ ಸ್ತೂಪದಲ್ಲಿ ಇರುತ್ತೆ ಅಂತ ಹೇಳೋಕಾಗಲ್ಲ. ಸಾಂಚಿಯ ದೊಡ್ಡ ಸ್ತೂಪ ಗೊತ್ತಲ್ಲ, ಎತ್ತರ 16 ಮೀಟರ್ ಮೇಲಿದೆ, ಅಗಲ 36 ಮೀಟರ್ ಮೇಲಿದೆ, ಅದನ್ನ 1851ರಲ್ಲಿ ಕನ್ನಿಂಗ್‌ಹ್ಯಾಂ ಮತ್ತು ಮೈಸಿ ಅನ್ನೋ ಇಬ್ರು ಬ್ರಿಟಿಷ್ ಅಧಿಕಾರಿಗಳು ಬಾವಿ ತೋಡ್ದಂಗೆ ನಡುವಿಗೇ ತೋಡಿದ್ರು, ಏನಂದ್ರೆ ಏನೂ ಸಿಗಲಿಲ್ಲ. ಪಕ್ಕದ ಸಣ್ಣ ಸ್ತೂಪದಲ್ಲಿ ನೋಡಿದ್ರೆ ಬುದ್ಧನ ಶಿಷ್ಯರಾದ ಸಾರಿಪುತ್ತ, ಮೊಗ್ಗಲ್ಲಾನರ ಅಸ್ಥಿ ಸಿಕ್ತು! ಅದು ಲಂಡನ್‌ಗೆ ಹೋಗಿ, ಆಮೇಲೆ ವಾಪಸ್ ಬಂದು, 1952ರಲ್ಲಿ ಮತ್ತೆ ಸಾಂಚಿಯಲ್ಲೇ ಇಡಲಾಯ್ತು. ಹೊಸ ಶಾಂತಿ ಸ್ತೂಪಗಳಲ್ಲಿ ಲೇಹ್‌ದು 1991ರಲ್ಲಿ ಮುಗೀತು, ಅದರ ಬುಡದಲ್ಲಿ ದಲಾಯಿ ಲಾಮಾ ಅವರೇ ಅಸ್ಥಿ ಅವಶೇಷ ಇಟ್ಟಿದಾರೆ. ಸಿಂಹಳದಲ್ಲಿ ಸ್ತೂಪಕ್ಕೆ ದಾಗಬ ಅಂತಾರೆ, ಅಂದ್ರೆ ಧಾತುಗರ್ಭ. ಗರ್ಭ ಅಂದಮೇಲೆ ಮುಚ್ಚೇ ಇರ್ಬೇಕಲ್ವಾ.

ಹೊರಗೆ ನಾಲ್ಕು ಕಡೆ ಗೂಡಿನಲ್ಲಿ ಬಂಗಾರದ ಬಣ್ಣದ ಬುದ್ಧ ನೋಡಿರ್ತೀರಿ. ನಾಲ್ಕೂ ಒಂದೇ ಥರ ಅಂತ ನಾವು ಒಂದರ ಮುಂದೆ ಸೆಲ್ಫಿ ತಗೊಂಡು ಇಳೀತೀವಿ, ಆದ್ರೆ ಅವು ಬೇರೆ ಬೇರೆ. ಹುಟ್ಟು, ಜ್ಞಾನೋದಯ, ಮೊದಲ ಉಪದೇಶ, ಪರಿನಿರ್ವಾಣ ಅಂದ್ರೆ ಕೊನೆಯುಸಿರು, ಸುತ್ತು ಹಾಕ್ತಾ ಹೋದ್ರೆ ಒಂದು ಇಡೀ ಆಯಸ್ಸು ಸುತ್ತಿ ಬಂದಂಗೆ. ಕಥೆ ಎಲ್ಲಾ ಹೊರಗೇ ಐತೆ.

ಇನ್ನು ಇದಕ್ಕೆ "ವಿಶ್ವ ಶಾಂತಿ" ಅನ್ನೋ ಹೆಸರು ಹೆಂಗೆ ಬಂತು ಅನ್ನೋದು. ಹಳೇ ಸ್ತೂಪಗಳಿಗೆ ಆ ಹೆಸರಿಲ್ಲ. ಇದು ಒಬ್ಬ ಜಪಾನಿ ಭಿಕ್ಷು ಹಚ್ಕೊಂಡ ಹುಚ್ಚು, ಒಳ್ಳೇ ಅರ್ಥದಲ್ಲೇ ಹೇಳ್ತಿದೀನಿ. ನಿಚಿದಾತ್ಸು ಫ್ಯೂಜಿ ಅಂತ, ಹುಟ್ಟಿದ್ದು 1885ರಲ್ಲಿ, ನಿಪ್ಪೋನ್‌ಜಾನ್ ಮ್ಯೋಹೋಜಿ ಅನ್ನೋ ಪಂಥ ಕಟ್ಟಿದೋರು. ಕೈಯಲ್ಲೊಂದು ತಮಟೆ ಥರದ್ದು ಹಿಡ್ಕೊಂಡು ಬಾರಿಸ್ತಾ "ನಾ ಮು ಮ್ಯೋ ಹೋ ರೆಂ ಗೆ ಕ್ಯೋ" ಅಂತ ಹೇಳ್ಕೊಂಡು ಊರೂರು ನಡೆಯೋದೇ ಅವರ ಸಾಧನೆ. 1931ರಲ್ಲಿ ಭಾರತಕ್ಕೆ ಬಂದ್ರು, 1933ರಲ್ಲಿ ವಾರ್ಧಾದಲ್ಲಿ ಗಾಂಧೀಜಿನ ನೋಡಿದ್ರು. ಗಾಂಧಿ ಇವರನ್ನ ಗುರೂಜಿ ಅಂತಿದ್ರು, ಆಶ್ರಮದ ಪ್ರಾರ್ಥನೆಯಲ್ಲಿ ಈ ಮಂತ್ರನೂ ಸೇರ್ತು. ಆಮೇಲೆ 1945ರಲ್ಲಿ ಹಿರೋಷಿಮಾ, ನಾಗಸಾಕಿ ಆಯ್ತು. ತಮ್ಮ ದೇಶದ ಎರಡು ಊರು ಸುಟ್ಟು ಬೂದಿ ಆಗಿದ್ದು ನೋಡಿದ ಮನುಷ್ಯ ಶಾಂತಿಗೋಸ್ಕರ ಸ್ತೂಪ ಕಟ್ತೀನಿ ಅಂತ ಹೊರಟ್ರು, ಮೊದಲನೇದು ಜಪಾನಿನ ಕುಮಾಮೊಟೊದಲ್ಲಿ, 1954ಕ್ಕೆ.

ನೀವು ನೋಡಿದ ರಾಜಗೀರಿನದು 1969ರದ್ದು, ಉದ್ಘಾಟನೆ ಮಾಡಿದ್ದು ಆಗಿನ ರಾಷ್ಟ್ರಪತಿ ವಿ.ವಿ. ಗಿರಿ. ಅಲ್ಲೇ ಯಾಕೆ ಅಂದ್ರೆ ಆ ಮಂತ್ರದ ಅರ್ಥನೇ ಸದ್ಧರ್ಮ ಪುಂಡರೀಕ ಸೂತ್ರಕ್ಕೆ, ಅಂದ್ರೆ ಕಮಲ ಸೂತ್ರಕ್ಕೆ, ನಮಸ್ಕಾರ ಅಂತ, ಬುದ್ಧ ಆ ಸೂತ್ರ ಹೇಳಿದ್ದು ಅಂತ ನಂಬೋ ಗೃಧ್ರಕೂಟ ಬೆಟ್ಟ ಅಲ್ಲೇ ಪಕ್ಕದಲ್ಲಿದೆ. ಅದಾದ್ಮೇಲೆ ಧೌಲಿ 1972, ಡಾರ್ಜಿಲಿಂಗ್ 1992, ವಾರ್ಧಾ 1993, ದೆಹಲಿ ಇಂದ್ರಪ್ರಸ್ಥ ಪಾರ್ಕಿನದು 2007. ಲಂಡನ್ನಿನ ಬ್ಯಾಟರ್ಸಿ ಪಾರ್ಕಲ್ಲೂ ಒಂದಿದೆ, 1985ರದ್ದು, ಫ್ಯೂಜಿ ತೀರ್ಕೊಂಡಿದ್ದೂ ಅದೇ ವರ್ಷ. ಸ್ತೂಪ ಕಟ್ಟಿದ ಮಾತ್ರಕ್ಕೆ ಯುದ್ಧ ನಿಂತ್ವಾ ಅಂತ ಕೇಳೋರಿಗೆ ನನ್ನತ್ರ ಉತ್ತರ ಇಲ್ಲ, ನಿಂತಿಲ್ಲ ಅನ್ನೋದು ಟಿವಿ ಹಾಕಿದ್ರೆ ಗೊತ್ತಾಗುತ್ತೆ.

ಆದ್ರೆ ನಾಗಪುರದ ದೀಕ್ಷಾಭೂಮಿ ಸ್ತೂಪದೊಳಗೆ ನಾವು ಹೋಗಿದ್ವಲ್ಲ ಅಂತ ಯಾರಾದ್ರೂ ಕೇಳೇ ಕೇಳ್ತೀರಿ, ನಮ್ಮ ಕಡೆಯಿಂದ ಅಲ್ಲಿಗೆ ಬಸ್ಸು ಮಾಡ್ಕೊಂಡು ಹೋಗೋರು ಬೇಕಾದಷ್ಟು ಜನ ಇದಾರೆ. ಹೌದು, ಅದು ಪೊಳ್ಳು ಸ್ತೂಪ. 1956ರ ಅಕ್ಟೋಬರ್ 14ಕ್ಕೆ ಬಾಬಾಸಾಹೇಬ್ರು ಧಮ್ಮ ಸ್ವೀಕರಿಸಿದ ನೆಲ, ಜನ ಸೇರೋಕೆ ಜಾಗ ಬೇಕು ಅಂತಲೇ ಒಳಗೆ ಖಾಲಿ ಬಿಟ್ಟು ಕಟ್ಟಿದ್ದು. ಮುಂಬೈನ ವಿಪಶ್ಯನಾ ಪಗೋಡನೂ ಹಂಗೇ, ಒಳಗೆ ಒಂದೇ ಒಂದು ಕಂಬ ಇಲ್ದೆ ಸುಮಾರು 8000 ಜನ ಧ್ಯಾನಕ್ಕೆ ಕೂರಬಹುದು. ಬೈಲಕುಪ್ಪೆ ಗೋಲ್ಡನ್ ಟೆಂಪಲ್ ಲೆಕ್ಕನೇ ಬೇರೆ, ಅದು ಟಿಬೆಟಿಯನ್ನರ ಮಂದಿರ, ಬಾಗಿಲೂ ಐತೆ, ಒಳಗೆ ಮೂರು ದೊಡ್ಡ ಮೂರ್ತಿನೂ ಐತೆ.

ಸುತ್ತ ಯಾವಾಗ್ಲೂ ತೋಟ ಯಾಕಿರುತ್ತೆ ಅಂತನೂ ಒಬ್ರು ಕೇಳಿದ್ರು. ಚೆಂದಕ್ಕೆ ಅಂತ ಅನ್ಕೊಂಡಿರ್ತೀವಿ, ಆದ್ರೆ ಬೌದ್ಧರಲ್ಲಿ ತೋಟನೇ ಮೊದಲು, ಕಟ್ಟಡ ಆಮೇಲೆ. ಬುದ್ಧ ಹುಟ್ಟಿದ್ದು ಲುಂಬಿನಿ ವನದಲ್ಲಿ, ಜ್ಞಾನ ಆಗಿದ್ದು ಅರಳಿ ಮರದ ಕೆಳಗೆ, ತೀರಿಕೊಂಡಿದ್ದು ಎರಡು ಸಾಲವೃಕ್ಷದ ನಡುವೆ. ಭಿಕ್ಷು ಸಂಘಕ್ಕೆ ಸಿಕ್ಕ ಮೊದಲ ತೋಟದ ದಾನನೂ ನಿಮ್ಮ ರಾಜಗೀರಿನದೇ, ಮಗಧದ ರಾಜ ಬಿಂಬಿಸಾರ ಕೊಟ್ಟ ವೇಣುವನ, ಅಂದ್ರೆ ಬಿದಿರು ತೋಪು. ಶ್ರಾವಸ್ತಿಯಲ್ಲಿ ಜೇತ ರಾಜಕುಮಾರ ತೋಟ ಕೊಡಲ್ಲ ಅಂದಾಗ, ನೆಲದ ಮೇಲೆ ಚಿನ್ನದ ನಾಣ್ಯ ಹಾಸಿ ಕೊಂಡ್ಕೊಂಡ ಅನಾಥಪಿಂಡಿಕ ಅನ್ನೋ ಸಾಹುಕಾರ. ಗಾಡಿಯಿಂದ ನಾಣ್ಯ ಇಳಿಸಿ ಚೌಕ ಚೌಕವಾಗಿ ಹಾಸ್ತಿರೋ ಶಿಲ್ಪ ಭಾರ್ಹುತ್ ಸ್ತೂಪದಲ್ಲಿ ಇತ್ತು, ಎತ್ತು ಬಿಚ್ಚಿ ಪಕ್ಕದಲ್ಲಿ ಮಲಗಿಸಿದಾರೆ, ನನಗೆ ಅದೇ ಇಷ್ಟ. ತೋಟಕ್ಕೆ ಅವರು ಹೇಳೋ ಮಾತು ಆರಾಮ, ಸಂಘಾರಾಮ ಅಂದ್ರೆ ಭಿಕ್ಷುಗಳ ತೋಟ. ನಾವು ದಿನಾ "ಆರಾಮಾ?" ಅಂತ ಕೇಳೋದು ಬೇರೆ ದಾರಿಯಿಂದ ಬಂದ ಮಾತು, ಆದ್ರೂ ಕುಂದುವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಮಾಡೋರಿಗೆ ಎರಡೂ ಒಂದೇ.

ಆರಾಮ ಅಂದಾಗ ನೆನಪಾಯ್ತು. ಸ್ತೂಪ, ಶಾಂತಿ ಅಂದ್ರೆ ಮೊದಲು ನೆನಪಾಗೋ ಅಶೋಕ, ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ರು, ಒಂದೂವರೆ ಲಕ್ಷ ಜನರನ್ನ ಸೆರೆ ಹಿಡಿದು ಸಾಗಿಸಿದ್ರು ಅಂತ ತಾನೇ ಬರೆಸಿದ. ತಮಾಷೆ ಅಂದ್ರೆ ಆ ಪಶ್ಚಾತ್ತಾಪದ 13ನೇ ಶಾಸನ ಕಳಿಂಗದ ಧೌಲಿಯಲ್ಲೇ ಇಲ್ಲ! ಸೋತ ಜನರ ಮುಂದೆ ಆ ಲೆಕ್ಕ ಇಡೋದು ಬೇಡ ಅನ್ನಿಸಿರಬೇಕು, ಅಲ್ಲಿ "ಎಲ್ಲಾ ಮನುಷ್ಯರೂ ನನ್ನ ಮಕ್ಕಳು" ಅಂತ ಬೇರೆ ಶಾಸನ ಹಾಕ್ಸಿದಾನೆ. ಇದೇ ಅಶೋಕ ನಮ್ಮ ಚಿತ್ರದುರ್ಗ ಜಿಲ್ಲೆಗೂ ಬರೆದಿದಾನೆ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಹತ್ತತ್ರನೇ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು.

ನಾನು ದುರ್ಗದಿಂದ ಬೈಕಲ್ಲಿ ಚಳ್ಳಕೆರೆ ಮೇಲೆ ಹೋಗಿದ್ದೆ, ಬ್ರಹ್ಮಗಿರಿ ಬಂಡೆಗೆ ಊರೋರು ಹೇಳೋದು ಅಕ್ಷರಗುಂಡು ಅಂತ, ಎಷ್ಟು ಚೆಂದದ ಹೆಸರು ನೋಡಿ. ಬಗ್ಗಿ ನೋಡಿದ್ರೆ ಬ್ರಾಹ್ಮಿ ಲಿಪಿ, ಕ ಅಂದ್ರೆ ಒಂದು ಕೂಡೋ ಗುರುತು, ಠ ಅಂದ್ರೆ ಬರೀ ಸೊನ್ನೆ, ಎರಡು ನಿಮಿಷದಲ್ಲಿ ಒಂದೆರಡು ಅಕ್ಷರ ನೀವೂ ಹಿಡೀತೀರಿ. ಕೊನೆಯಲ್ಲಿ ಬರೆದವನು ಚಪಡ ಅಂತ ಹೆಸರು ಹಾಕಿ, ಲಿಪಿಕಾರ ಅನ್ನೋದನ್ನ ಮಾತ್ರ ಬಲದಿಂದ ಎಡಕ್ಕೆ ಓಡೋ ಖರೋಷ್ಠಿ ಲಿಪಿಯಲ್ಲಿ ಬರೆದಿದಾನೆ, ಅದು ಗಾಂಧಾರದ ಕಡೆ ಲಿಪಿ, ಎಲ್ಲಿಂದ ಎಲ್ಲಿಗೆ ಬಂದಿದ್ನೋ ಪುಣ್ಯಾತ್ಮ. ಒಳಗೆ ಅಶೋಕ ಹೇಳಿರೋ ಮಾತು ಇನ್ನೂ ಚೆಂದ. ನಾನು ಉಪಾಸಕ, ಅಂದ್ರೆ ಬುದ್ಧನ ದಾರಿ ಹಿಡಿದ ಗೃಹಸ್ಥ, ಆಗಿ ಎರಡೂವರೆ ವರ್ಷದ ಮೇಲಾಯ್ತು, ಮೊದಲ ಒಂದು ವರ್ಷ ಅಷ್ಟೇನೂ ಮನಸ್ಸಿಟ್ಟು ಮಾಡ್ಲಿಲ್ಲ ಅಂತ ಚಕ್ರವರ್ತಿನೇ ಒಪ್ಕೋತಾನೆ. ತಂದೆತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರ್ಲಿ, ಸತ್ಯ ಹೇಳಿ ಅಂತಾನೆ. ಅದಕ್ಕೂ ಮೊದಲು, ಶುರುವಿನಲ್ಲೇ, ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಕಳಿಸೋವಾಗ "ಆರೋಗ್ಯ ವಿಚಾರಿಸಿ" ಅಂತ ಇದೆ. ಸುಮಾರು 2250 ವರ್ಷದ ಹಿಂದಿನ ಸರ್ಕಾರಿ ಆರ್ಡರು, ಆರಾಮಾ ಅಂತ ಕೇಳಿ ಶುರುವಾಗುತ್ತೆ.

ಮುಂದಿನ ಸಲ ಅವ್ವನವ್ರನ್ನ ಅಷ್ಟು ದೂರ ಕರ್ಕೊಂಡ್ ಹೋಗೋ ಬದ್ಲು ಜಟಿಂಗ ರಾಮೇಶ್ವರಕ್ಕೆ ಕರ್ಕೊಂಡ್ ಬನ್ನಿ. ಜಟಾಯು ಬಿದ್ದ ಬೆಟ್ಟ ಅಂತ ಜನ ನಂಬ್ತಾರೆ. ಅಲ್ಲಿನ ಶಾಸನದ ಬಂಡೆಗೆ ಬಳೆಗಾರ ಗುಂಡು ಅಂತ ಹೆಸರು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಇಡ್ತಿದ್ದ ಜಾಗ, ಅದಕ್ಕೇ ಅಕ್ಷರ ತುಂಬಾ ಸವೆದಿದೆ. ಮೆಟ್ಟಿಲು ಜಾಸ್ತಿ, ರೋಪ್‌ವೇ ಇಲ್ಲ, ಬಿಸಿಲೇರೋ ಮುಂಚೆ ಹತ್ತಿ, ನೀರು ಇಟ್ಕೊಳ್ಳಿ, ಮೇಲೆ ರಾಮೇಶ್ವರನ ಗುಡಿ ಐತೆ, ಅದಕ್ಕೆ ಬಾಗಿಲೂ ಐತೆ. ಕಾಯಿ ಅಲ್ಲಿ ಒಡೆಸಿ.