ತಾಯಿನೌಕೆ ಬಿಟ್ಟು ಎಷ್ಟು ದೂರ?

1966ರ ಅಕ್ಟೋಬರ್ 6ರಂದು ಪ್ರಸಾರವಾದ ‘ಸ್ಟಾರ್ ಟ್ರೆಕ್’ ಎಂಬ ಬಾಹ್ಯಾಕಾಶ ಟಿವಿ ಸರಣಿಯ ಕಂತಿನಲ್ಲಿ, ಜನರನ್ನು ನೌಕೆಯಿಂದ ನೆಲಕ್ಕೆ ಕ್ಷಣದಲ್ಲಿ ದಾಟಿಸುವ ಟ್ರಾನ್ಸ್‌ಪೋರ್ಟರ್ ಯಂತ್ರ ಕೆಟ್ಟು ನಿಲ್ಲುತ್ತದೆ. ನೌಕೆಯ ಸಿಬ್ಬಂದಿ ಸುಲು ಮತ್ತು ಜೊತೆಗಾರರು ಗ್ರಹದ ಮೇಲೆ ಸಿಕ್ಕಿಬಿದ್ದಿದ್ದಾರೆ. ಕೊರೆಯುವ ಚಳಿಯಲ್ಲಿ ಫೇಸರ್ ಎಂಬ ಕಿರಣಾಯುಧದಿಂದ ಬಂಡೆ ಕಾಯಿಸಿ ಮೈ ಬೆಚ್ಚಗಿಟ್ಟುಕೊಳ್ಳುತ್ತಾರೆ. ಅವರ ತಾಯಿನೌಕೆ ಎಂಟರ್‌ಪ್ರೈಸ್ ಮೇಲೆಯೇ ಸುತ್ತುತ್ತಿದೆ. ಒಂದು ಪುಟ್ಟ ನೌಕೆ ಇಳಿಸಿದ್ದರೆ ಐದು ನಿಮಿಷಕ್ಕೆ ಕಥೆ ಮುಗಿಯುತ್ತಿತ್ತು. ಇಳಿಸಲಿಲ್ಲ, ಏಕೆಂದರೆ ಆಗಿನ್ನೂ ಸ್ಟುಡಿಯೋದಲ್ಲಿ ಅಂಥ ಪುಟ್ಟ ನೌಕೆಯ, ಅಂದರೆ ಶಟಲ್‌ನ, ಸೆಟ್ ತಯಾರಾಗಿರಲಿಲ್ಲ. ಪ್ರತಿ ವಾರ ದೊಡ್ಡ ನೌಕೆಯನ್ನು ನೆಲಕ್ಕಿಳಿಸಿ ತೋರಿಸುವುದು ದುಬಾರಿ ಎಂದು ಟ್ರಾನ್ಸ್‌ಪೋರ್ಟರ್ ಹುಟ್ಟಿಕೊಂಡಿತು. ಶಟಲ್ ಆಮೇಲೆ ಬಂತು. ಅದರ ಪೂರ್ಣ ಗಾತ್ರದ ಮಾದರಿಯನ್ನು ಕಟ್ಟಿಸಿಕೊಟ್ಟದ್ದು ಆಟಿಕೆ ಕಿಟ್ ತಯಾರಿಸುವ ಎಎಂಟಿ ಕಂಪನಿ. ಬದಲಿಗೆ ಪಡೆದದ್ದು ಕಿಟ್ ಮಾರುವ ಹಕ್ಕು.

ಹೀಗೆ ಬಂದ ಶಟಲ್‌ನ ವೇಗ ಎಷ್ಟೆಂದು, ತಾಯಿನೌಕೆ ಬಿಟ್ಟು ಅದು ಎಷ್ಟು ದೂರ ಹೋಗಬಲ್ಲದೆಂದು ಯಾರೂ ತೀರ್ಮಾನಿಸಿರಲಿಲ್ಲ. ‘ದಿ ಗೆಲಿಲಿಯೋ ಸೆವೆನ್’ ಕಂತಿನಲ್ಲಿ ಅದು ಏಳು ಮಂದಿಯನ್ನು ಹೊತ್ತು ಬಿದ್ದ ಬಡಪಾಯಿ ಯಂತ್ರ. ಕಕ್ಷೆಗೆ ಏರಬೇಕಾದರೆ 500 ಪೌಂಡ್, ಅಂದರೆ ಸುಮಾರು 227 ಕಿಲೋ, ಇಳಿಸಬೇಕು. ಮೂವರು ಆಳುಗಳ ತೂಕ. ಇಂಧನ ಸಾಲದೆ ಎಂಜಿನಿಯರ್ ಸ್ಕಾಟಿ ಫೇಸರ್‌ಗಳ ಶಕ್ತಿಯನ್ನೇ ಬಸಿದು ಎಂಜಿನ್‌ಗೆ ಹಾಯಿಸುತ್ತಾನೆ. ಅದೇ ಸರಣಿಯ ‘ದಿ ಮೆನಾಜೆರಿ’ಯಲ್ಲಿ ಇಂಥದೇ ಶಟಲ್, ನಕ್ಷತ್ರನೆಲೆಯಿಂದ ಹೊರಟ ಎಂಟರ್‌ಪ್ರೈಸ್‌ನ ಬೆನ್ನು ಹತ್ತುತ್ತದೆ. ಕಂಪ್ಯೂಟರ್ ಅದನ್ನು ಅಯಾನ್ ಎಂಜಿನ್‌ನ ನೌಕೆ ಎಂದು ಗುರುತಿಸುತ್ತದೆ. ಬೆಳಕಿಗಿಂತ ವೇಗವಾಗಿ ಓಡುವ ವಾರ್ಪ್ ನೌಕೆಯನ್ನು ಅಯಾನ್ ಎಂಜಿನ್‌ನಲ್ಲಿ ಅಟ್ಟಿಸಿಕೊಂಡು ಹೋಗುವುದೆಂದರೆ ವಿಮಾನದ ಹಿಂದೆ ಸೈಕಲ್ ತುಳಿದಂತೆ. ಶಟಲ್‌ಗೆ ವಾರ್ಪ್ ಉಂಟೋ ಇಲ್ಲವೋ, ಸಣ್ಣ ನೌಕೆ ನಕ್ಷತ್ರದಿಂದ ನಕ್ಷತ್ರಕ್ಕೆ ತಾನಾಗಿ ಹೋಗಬಲ್ಲದೋ ಎಂಬ ಅಭಿಮಾನಿಗಳ ಜಗಳದ ಬೇರು ಇಲ್ಲಿದೆ.

1977ರಲ್ಲಿ ಎರಡು ಸ್ಪಷ್ಟ ಉತ್ತರಗಳು ಸಿಕ್ಕವು. ಒಂದು ‘ಸ್ಟಾರ್ ವಾರ್ಸ್’ ಚಿತ್ರದ್ದು. ಅದರಲ್ಲಿ ದುಷ್ಟ ಸಾಮ್ರಾಜ್ಯದ ಸಣ್ಣ ಯುದ್ಧನೌಕೆ ಟೈ ಫೈಟರ್‌ಗೆ ನಕ್ಷತ್ರಗಳ ನಡುವೆ ಜಿಗಿಸುವ ಹೈಪರ್‌ಡ್ರೈವ್ ಎಂಜಿನ್ ಇಲ್ಲ. ನೆಲೆಯೇ ಇಲ್ಲದ ಜಾಗದಲ್ಲಿ ಒಂದು ಟೈ ಕಂಡಾಗ ‘ಇಷ್ಟು ಸಣ್ಣದು ಇಲ್ಲಿಗೆ ತಾನಾಗಿ ಬರಲಾರದು’ ಎಂದು ನಾಯಕರು ಊಹಿಸುತ್ತಾರೆ. ಮುಂದೆ ಕಾಣುವ ಚಂದ್ರ ಚಂದ್ರನಲ್ಲ, ಸಾಮ್ರಾಜ್ಯದ ನೆಲೆ ‘ಡೆತ್ ಸ್ಟಾರ್’ ಎಂಬ ಗುಟ್ಟು ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ. ಇಲ್ಲದ ಎಂಜಿನ್ನೊಂದು ಕಥೆಗೆ ಇಷ್ಟು ಕೆಲಸ ಮಾಡಿಕೊಟ್ಟದ್ದು ಅಪರೂಪ. ಬಂಡುಕೋರರ ಫೈಟರ್ ಎಕ್ಸ್-ವಿಂಗ್‌ಗೆ ಮಾತ್ರ ಹೈಪರ್‌ಡ್ರೈವ್ ಇದೆ, ಅದೂ ಸರಿಯೇ. ಹೊಡೆದು ಓಡಬೇಕಾದವರಿಗೆ ಅದು ಬೇಕು. ಸಾಮ್ರಾಜ್ಯಕ್ಕೋ, ಪೈಲಟ್ ತಾಯಿನೌಕೆ ಬಿಟ್ಟು ಎಲ್ಲಿಗೂ ಹೋಗದಂತಿರಬೇಕು.

ಇನ್ನೊಂದು ಉತ್ತರ ‘ಟ್ರಾವೆಲರ್’ ಎಂಬ ಪಾತ್ರಾಭಿನಯದ ಆಟದ್ದು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅದಕ್ಕಿಂತ ಅಚ್ಚುಕಟ್ಟಾದ ನಿಯಮ ಇನ್ನೂ ಬಂದಿಲ್ಲ. 100 ಟನ್‌ಗಿಂತ ಚಿಕ್ಕ ನೌಕೆಗೆ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಿಸುವ ಜಂಪ್ ಡ್ರೈವ್ ಹಾಕುವಂತಿಲ್ಲ. ಇಲ್ಲಿ ಟನ್ ಎಂದರೆ ತೂಕವಲ್ಲ, ಒಂದು ಟನ್ ದ್ರವ ಜಲಜನಕ ಹಿಡಿಯುವ ಜಾಗ, ಸುಮಾರು 14 ಘನ ಮೀಟರ್. ಒಂದು ಪಾರ್ಸೆಕ್ (ಸುಮಾರು 3.26 ಜ್ಯೋತಿರ್ವರ್ಷ) ಜಂಪ್‌ಗೆ ನೌಕೆಯ ಗಾತ್ರದ ಶೇ 10ರಷ್ಟು ಇಂಧನ ಬೇಕು. 100 ಟನ್‌ನ ಸ್ಕೌಟ್ ನೌಕೆ ಎರಡು ಪಾರ್ಸೆಕ್ ಹಾರಿದರೆ 20 ಟನ್ ಖರ್ಚು, ಅಂದರೆ 280 ಘನ ಮೀಟರ್ ಟ್ಯಾಂಕ್. ಏಳು ಜನರ ಶಟಲ್ಲನ್ನು ಇಡಿಯಾಗಿ ಆ ಟ್ಯಾಂಕಿನೊಳಗೆ ಇಳಿಸಬಹುದು. ದೂರ ಎಷ್ಟೇ ಇರಲಿ, ಜಂಪ್‌ಗೆ ಹಿಡಿಯುವುದು ಸುಮಾರು ಒಂದು ವಾರ. ಅಷ್ಟು ದಿನದ ಗಾಳಿ, ನೀರು, ಮಲಗುವ ಜಾಗವೂ ಬೇಕು.

ಅದೇ ಆಟದಲ್ಲಿ ಶಟಲ್‌ಗೆ ಬೇರೆ ಕೆಲಸವೂ ಇದೆ. ಗ್ರಹದಿಂದ ಅದರ ವ್ಯಾಸದ ನೂರು ಪಟ್ಟು ದೂರ ಹೋಗದೆ ಜಂಪ್ ಮಾಡುವುದು ಅಪಾಯ. ಭೂಮಿಯ ಲೆಕ್ಕದಲ್ಲಿ ಇದು ಸುಮಾರು 12.7 ಲಕ್ಷ ಕಿ.ಮೀ., ಚಂದ್ರನ ದೂರದ ಮೂರು ಪಟ್ಟಿಗೂ ಹೆಚ್ಚು. ಅರ್ಧ ದಾರಿ ಒಂದು ‘ಜಿ’ಯಲ್ಲಿ, ಅಂದರೆ ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷದಲ್ಲಿ, ವೇಗ ಹೆಚ್ಚಿಸಿಕೊಂಡು, ಉಳಿದರ್ಧ ಅದೇ ಪ್ರಮಾಣದಲ್ಲಿ ತಗ್ಗಿಸಿದರೆ ಆರೂಕಾಲು ಗಂಟೆ. ಇದು ಸಣ್ಣ ನೌಕೆಗೆ ಹೇಳಿ ಮಾಡಿಸಿದ ದಾರಿ. ಇದಕ್ಕೆ ತದ್ವಿರುದ್ಧವಾದ ಎಕ್ಸ್-ಬೋಟ್ ಕೂಡ ಅಲ್ಲಿದೆ: 100 ಟನ್‌ನ ಅಂಚೆ ನೌಕೆ, ಜಂಪ್ ಉಂಟು, ಮಾಮೂಲಿ ಎಂಜಿನ್ನೇ ಇಲ್ಲ. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುತ್ತದೆ, ಬಂದಲ್ಲಿ ಬೇರೆ ನೌಕೆ ಎತ್ತಿಕೊಳ್ಳುವ ತನಕ ತೇಲುತ್ತಿರುತ್ತದೆ.

ಸ್ಟಾರ್ ಟ್ರೆಕ್‌ನವರು ಅಂಕಿ ಕೊಟ್ಟದ್ದು ತಡವಾಗಿ, 1991ರ ತಾಂತ್ರಿಕ ಕೈಪಿಡಿಯಲ್ಲಿ. ಅದರಂತೆ ಟೈಪ್ 6 ಶಟಲ್ ವಾರ್ಪ್ 1.2ರಲ್ಲಿ 48 ಗಂಟೆ ಓಡಬಲ್ಲದು. ಕೇಳಲು ಭರ್ಜರಿ, ಲೆಕ್ಕ ಹಾಕಿದರೆ ನಗು ಬರುತ್ತದೆ. ಆ ಕಾಲದ ಸೂತ್ರದಲ್ಲಿ ವಾರ್ಪ್ ಸಂಖ್ಯೆಯ 10/3 ಘಾತ ತೆಗೆದರೆ ಬೆಳಕಿನ ಎಷ್ಟು ಪಟ್ಟು ಎಂದು ಸಿಗುತ್ತದೆ. 1.2ಕ್ಕೆ ಅದು 1.84. ಎರಡು ದಿನಕ್ಕೆ ಬೆಳಕು 3.7 ದಿನದಲ್ಲಿ ಕ್ರಮಿಸುವಷ್ಟು ದೂರ. ಸೂರ್ಯನಿಂದ ಪ್ಲೂಟೋಗೆ ಮೂರು ಗಂಟೆ ಸಾಕು, ಆದರೆ 4.24 ಜ್ಯೋತಿರ್ವರ್ಷ ಆಚೆಯ ಪ್ರಾಕ್ಸಿಮಾ ಸೆಂಟಾರಿಗೆ ಎರಡೂಕಾಲು ವರ್ಷ ದಾಟುತ್ತದೆ. ಅಂದರೆ ಈ ವಾರ್ಪ್ ಸೌರಮಂಡಲವೊಂದರ ಒಳಗಿನ ಓಡಾಟಕ್ಕೆ. ‘ಬೆಳಕಿಗಿಂತ ವೇಗ’ ಎಂಬ ಮಾತು ಮರೆಮಾಚುವುದು ಇದನ್ನೇ: ನಕ್ಷತ್ರಗಳ ನಡುವೆ ಓಡಾಡಲು ಬೆಳಕನ್ನು ಮೀರಿದರಷ್ಟೇ ಸಾಲದು, ನೂರಾರು ಪಟ್ಟು ಮೀರಬೇಕು. 1993ರ ಸ್ಟಾರ್ ಟ್ರೆಕ್ ಸರಣಿ ‘ಡೀಪ್ ಸ್ಪೇಸ್ ನೈನ್’ಗೆ ಈ ತೊಂದರೆ ನೇರವಾಗಿ ಎದುರಾಯಿತು. ಕಥೆ ನಡೆಯುವುದು ನಿಂತಲ್ಲೇ ನಿಂತ ನಿಲ್ದಾಣದಲ್ಲಿ. ಹಾಗಾಗಿ ಶಟಲ್‌ಗಿಂತ ದೊಡ್ಡದಾದ ರನ್‌ಅಬೌಟ್ ಬಂತು, ಗರಿಷ್ಠ ವಾರ್ಪ್ 5. ಬೆಳಕಿನ ಸುಮಾರು 214 ಪಟ್ಟು. ಪ್ರಾಕ್ಸಿಮಾಗೆ ಒಂದು ವಾರ.

ಮರುವರ್ಷ, 1994ರಲ್ಲಿ, ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯೆರೆ ನೌಕೆಯ ಸುತ್ತ ದೇಶಕಾಲವನ್ನೇ ಬಾಗಿಸಿ ಬೆಳಕನ್ನು ಮೀರಿಸುವ ವಾರ್ಪ್ ಗುಳ್ಳೆಯ ಗಣಿತ ಪ್ರಕಟಿಸಿದರು. ಅದಕ್ಕೆ ಬೇಕಾದ ಋಣಶಕ್ತಿ (ಸೊನ್ನೆಗಿಂತ ಕಡಿಮೆಯ ಶಕ್ತಿ) ಗುಳ್ಳೆಯ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಚಿಕ್ಕ ನೌಕೆಗೆ ಅಗ್ಗವಾಯಿತಲ್ಲ ಎನಿಸಬಹುದು. ಆದರೆ ಇಂಧನ ತುಂಬುವ ಜಾಗ ತ್ರಿಜ್ಯದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ನೌಕೆಯ ತ್ರಿಜ್ಯ ಹತ್ತನೇ ಒಂದಾದರೆ ಬೇಕಾದ ಶಕ್ತಿ ನೂರನೇ ಒಂದು, ಜಾಗ ಸಾವಿರದಲ್ಲೊಂದು. ಪ್ರತಿ ಘನ ಮೀಟರ್ ಹತ್ತು ಪಟ್ಟು ಹೆಚ್ಚು ದುಡಿಯಬೇಕು. ‘ಶಟಲ್‌ಗೆ ಆಗದು’ ಎನ್ನುವ ಲೇಖಕರಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಗದು, ಬಳಸಿದವರು ಮಾತ್ರ ಕಡಿಮೆ.

ಅದೇ ವರ್ಷ ಶುರುವಾದ ‘ಬ್ಯಾಬಿಲೋನ್ 5’ ಸರಣಿಯು ಸ್ಟಾರ್‌ಫ್ಯೂರಿ ಎಂಬ ಸಣ್ಣ ಫೈಟರ್‌ಗಳನ್ನು, ಬಾಹ್ಯಾಕಾಶದಲ್ಲಿ ನಿಲ್ಲಿಸಿದ ಜಂಪ್ ಗೇಟ್‌ಗಳಿಗೆ ಕಟ್ಟಿಹಾಕಿತು. 2002ರ ಸ್ಟಾರ್ ವಾರ್ಸ್ ಚಿತ್ರದಲ್ಲಿ ಜೆಡೈ ಯೋಧನ ಫೈಟರ್ ಹೈಪರ್‌ಡ್ರೈವನ್ನು ಉಂಗುರದಂತೆ ತೊಟ್ಟು ಬಂದು, ಅದನ್ನು ಕಕ್ಷೆಯಲ್ಲೇ ಬಿಟ್ಟು ಗ್ರಹಕ್ಕಿಳಿಯುತ್ತದೆ. 2004ರ ‘ಸ್ಟಾರ್‌ಗೇಟ್ ಅಟ್ಲಾಂಟಿಸ್’ನ ಪಡಲ್ ಜಂಪರ್ ಎಂಬ ಪುಟ್ಟ ನೌಕೆಗೆ ಹೈಪರ್‌ಡ್ರೈವ್ ಇಲ್ಲ, ಗ್ರಹದಿಂದ ಗ್ರಹಕ್ಕೆ ದಾಟಿಸುವ ಗೇಟಿನಲ್ಲಿ ತೂರುವಷ್ಟು ಅಗಲವಷ್ಟೇ ಇದೆ. ಒಂದು ಕಂತಿನಲ್ಲಿ ಪಕ್ಕದ ಎಂಜಿನ್ ಒಳಕ್ಕೆ ಮಡಚಿಕೊಳ್ಳದೆ ನೌಕೆ ಗೇಟಿನ ನಡುವೆ ಸಿಕ್ಕಿಕೊಳ್ಳುತ್ತದೆ. ಗೇಟ್ ತೆರೆದಿರುವುದು 38 ನಿಮಿಷ, ಆಮೇಲೆ ನೌಕೆ ಎರಡು ತುಂಡು.

ಸಣ್ಣ ನೌಕೆಗೆ ಜಂಪ್ ಕೊಟ್ಟೂ ಗೆದ್ದದ್ದು 2003ರ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’. ಒಬ್ಬನೇ ಕೂರುವ ವೈಪರ್‌ಗೆ ಕೊಡಲಿಲ್ಲ, ಹಲವರು ಕೂರುವ ರ‍್ಯಾಪ್ಟರ್‌ಗೆ ಕೊಟ್ಟಿತು. ಜೊತೆಗೆ ಲೆಕ್ಕ ತಪ್ಪಿದರೆ ತೆರಬೇಕಾದ ಬೆಲೆಯನ್ನೂ ಇಟ್ಟಿತು. ರಕ್ಷಣಾ ಕಾರ್ಯಾಚರಣೆಯೊಂದರಲ್ಲಿ ಒಂದು ರ‍್ಯಾಪ್ಟರ್ ಬೆಟ್ಟದ ಒಳಗೇ ಪ್ರತ್ಯಕ್ಷವಾಗುತ್ತದೆ. ಇನ್ನೊಂದು ದಾರಿ ತಪ್ಪಿ ಹೊಸ ಗ್ರಹವೊಂದನ್ನು ಕಾಣುತ್ತದೆ.

ಬೆಲೆ ಇಡದೆ ಕೊಟ್ಟರೆ ಏನಾಗುತ್ತದೆಂಬುದು 2017ರ ಸ್ಟಾರ್ ವಾರ್ಸ್ ಚಿತ್ರ ‘ದಿ ಲಾಸ್ಟ್ ಜೆಡೈ’ ಬಂದಾಗ ಗೊತ್ತಾಯಿತು. ಅದರಲ್ಲಿ ನೌಕೆಯೊಂದು ಹೈಪರ್‌ಸ್ಪೇಸ್‌ಗೆ ಜಿಗಿಯುತ್ತಲೇ ಶತ್ರುವಿನ ಬೃಹತ್ ನೌಕೆಯನ್ನು ಸೀಳುತ್ತದೆ. ಚಿತ್ರಮಂದಿರದಲ್ಲಿ ಮೌನ, ಹೊರಗೆ ಬಂದ ಮೇಲೆ ಪ್ರಶ್ನೆ: ಬಂಡುಕೋರರ ಪುಟ್ಟ ಫೈಟರ್‌ಗೂ ಹೈಪರ್‌ಡ್ರೈವ್ ಇರುವಾಗ, ಡೆತ್ ಸ್ಟಾರ್‌ಗೆ ಇದನ್ನೇ ಏಕೆ ಮಾಡಲಿಲ್ಲ? 2019ರ ಚಿತ್ರದಲ್ಲಿ ತೇಪೆ ಹಚ್ಚಿದರು, ಅದು ಹತ್ತು ಲಕ್ಷಕ್ಕೊಮ್ಮೆ ಫಲಿಸುವ ಪಟ್ಟು ಎಂದು. ಮನುಷ್ಯರ ಬದಲು ಡ್ರಾಯ್ಡ್ ಎಂಬ ರೋಬಾಟ್‌ಗಳನ್ನು ಕೂರಿಸಿ ಸಾಲಾಗಿ ಕಳಿಸುವವರನ್ನು ಆ ತೇಪೆ ತಡೆಯುವುದಿಲ್ಲ.