ಕ್ಲಾಸ್‌ರೂಮ್ ಅಕೌಸ್ಟಿಕ್ಸ್: ಖಾಲಿ ಕೋಣೆಯ ಲೆಕ್ಕ ಮತ್ತು ತೆರೆದ ಕಿಟಕಿಯ ಗೊಂದಲ

ಅಕೌಸ್ಟಿಕ್ಸ್, ಅಂದರೆ ಕೋಣೆಯೊಳಗೆ ಸದ್ದು ಹೇಗೆ ನಡೆದುಕೊಳ್ಳುತ್ತದೆ ಅನ್ನುವ ಪಾಠ, ಅಂದ ಕೂಡಲೇ ನಾವೆಲ್ಲ ಪರೀಕ್ಷೆಗೆ ಆಡಿಟೋರಿಯಂ ಓದಿಕೊಂಡು ಹೋಗುತ್ತೇವೆ. ಕ್ಲಾಸ್‌ರೂಮ್ ಲೆಕ್ಕ ಚಿಕ್ಕದು, ಆದರೆ ಸಿಕ್ಕಿಹಾಕಿಸುವುದು ಅದೇ. ಡೆಸಿಬಲ್ ಅಂದರೆ ಸದ್ದಿನ ಮಟ್ಟದ ಅಳತೆ, ಇಲ್ಲಿಗೆ ಅಷ್ಟು ಗೊತ್ತಿದ್ದರೆ ಸಾಕು.

ಮಕ್ಕಳಿಗೇ ಯಾಕೆ ಜಾಸ್ತಿ ಕಷ್ಟ?

ಮಾತಿನಲ್ಲಿ ಸ್ವರಗಳಿಗೆ ಬಲ ಜಾಸ್ತಿ, ವ್ಯಂಜನಗಳಿಗೆ ಕಡಿಮೆ. ಆದರೆ ತಲೆ, ಕಲೆ, ಬಲೆ ಬೇರೆಬೇರೆ ಎಂದು ಗೊತ್ತಾಗುವುದು ಮೊದಲ ವ್ಯಂಜನದಿಂದ. ಮೇಡಂ ‘ಒಂದು ಬಲೆ’ ಅಂತಾರೆ. ಕೋಣೆ ಗುಂಯ್‌ಗುಟ್ಟುತ್ತಿದ್ದರೆ ‘ದು’ವಿನ ‘ಉ’ ಇನ್ನೂ ಗಾಳಿಯಲ್ಲಿ ಇರುವಾಗಲೇ ‘ಬ’ ಬಂದುಬಿಡುತ್ತದೆ. ದೊಡ್ಡವರು ಸಂದರ್ಭ ನೋಡಿ ಊಹಿಸಿಕೊಳ್ಳುತ್ತಾರೆ. ಒಂದನೇ ಕ್ಲಾಸಿನ ಮಗುವಿಗೆ ಆ ಪದವೇ ಹೊಸದು, ಏನೆಂದು ಊಹಿಸೀತು? ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಇರುವವರಿಗೂ, ಕಿವಿ ಮಂದ ಇರುವವರಿಗೂ ಇದೇ ಪಾಡು. ಟೀಚರ್ ದನಿ ಹಿನ್ನೆಲೆ ಸದ್ದಿಗಿಂತ 15 ಡೆಸಿಬಲ್ ಮೇಲಿರಬೇಕು ಅನ್ನುವುದು ಇದಕ್ಕೇ.

ಸೂತ್ರ

1895ರಲ್ಲಿ ಹಾರ್ವರ್ಡ್‌ನ ಫಾಗ್ ಮ್ಯೂಸಿಯಂ ಉಪನ್ಯಾಸ ಕೋಣೆಯಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಸರಿಮಾಡಿ ಎಂದು ಫಿಸಿಕ್ಸ್ ಮೇಷ್ಟ್ರು ವ್ಯಾಲೇಸ್ ಸಬೀನ್‌ಗೆ ಹೇಳಿದರು. ಅವರು ರಾತ್ರಿ ಹೊತ್ತು ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಮೆತ್ತೆಗಳನ್ನು ತಂದು ಹಾಸಿ, ಆರ್ಗನ್ ವಾದ್ಯದ ಕೊಳವೆ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕು ಎಂದು ಅಳೆದರು. ಮೆತ್ತೆ ಜಾಸ್ತಿ ಆದಷ್ಟೂ ಸದ್ದು ಬೇಗ ಸಾಯುತ್ತಿತ್ತು. ಅದರಿಂದ ಬಂದದ್ದು ಇದು:

ಅನುರಣನ ಕಾಲ = 0.161 × ಕೋಣೆಯ ಗಾತ್ರ ÷ ಒಟ್ಟು ಹೀರಿಕೆ

ಸದ್ದು 60 ಡೆಸಿಬಲ್ ಇಳಿಯಲು ಬೇಕಾದ ಸೆಕೆಂಡುಗಳೇ ಅನುರಣನ ಕಾಲ. ಮೇಲ್ಮೈಗೆ ಬಡಿದ ಸದ್ದಿನಲ್ಲಿ ಎಷ್ಟು ಪಾಲು ವಾಪಸ್ ಬರುವುದಿಲ್ಲ ಅನ್ನುವುದು ಹೀರಿಕೆ ಗುಣಾಂಕ. ಒಂದೊಂದು ಮೇಲ್ಮೈಯ ಚದರ ಮೀಟರನ್ನು ಅದರ ಗುಣಾಂಕದಿಂದ ಗುಣಿಸಿ, ಎಲ್ಲ ಕೂಡಿಸಿದರೆ ಒಟ್ಟು ಹೀರಿಕೆ.

ಎಲ್ಲರೂ ಎಡವುವ ಹೆಜ್ಜೆ

8 × 6 ಮೀಟರ್ ಕೋಣೆ, ಎತ್ತರ 3. ಗಾತ್ರ 144 ಘನ ಮೀಟರ್. ಗೋಡೆ, ನೆಲ, ಚಾವಣಿ ಸೇರಿ 180 ಚದರ ಮೀಟರ್. ಪ್ಲಾಸ್ಟರ್, ಆರ್‌ಸಿಸಿ, ಟೈಲ್ಸ್ ಎಲ್ಲಕ್ಕೂ ಸುಮಾರಾಗಿ ಗುಣಾಂಕ 0.03 ಇಟ್ಟರೆ ಹೀರಿಕೆ 5.4. ಕಾಲ 23.2 ÷ 5.4, ಅಂದರೆ 4.3 ಸೆಕೆಂಡು. ಭಯಂಕರ. ಮರದ ಬೆಂಚು ಇಟ್ಟರೆ ಸ್ವಲ್ಪ ಇಳಿಯುತ್ತದೆ, ಇಲ್ಲಿ ಬಿಟ್ಟಿದ್ದೇನೆ.

ಈಗ 40 ಮಕ್ಕಳನ್ನು ಕೂರಿಸಿ. ಒಬ್ಬರ ಹೀರಿಕೆ 0.35 ಇಟ್ಟರೆ 14 ಸೇರುತ್ತದೆ. ಒಟ್ಟು 19.4, ಕಾಲ 1.2 ಸೆಕೆಂಡು. ಗುರಿ 0.6 ಸೆಕೆಂಡು. ಅದಕ್ಕೆ ಬೇಕಾದ ಹೀರಿಕೆ 38.6. ಇನ್ನೂ 19.2 ಬೇಕು. ಗುಣಾಂಕ 0.8 ಇರುವ ಅಕೌಸ್ಟಿಕ್ ಟೈಲ್ ಹಾಕಿದರೆ, ಅದರಡಿ ಮುಚ್ಚಿಹೋಗುವ ಪ್ಲಾಸ್ಟರಿನ 0.03 ಕಳೆದು ನಿವ್ವಳ 0.77. ಹಾಗಾಗಿ 25 ಚದರ ಮೀಟರ್ ಸಾಕು, ಅರ್ಧ ಚಾವಣಿ. ಉತ್ತರ ಚೆನ್ನಾಗಿ ಕಾಣುತ್ತೆ ಅಲ್ವಾ?

ತಪ್ಪು. ಕ್ಲಾಸ್‌ರೂಮ್ ಅಕೌಸ್ಟಿಕ್ಸ್‌ಗೆಂದೇ ಇರುವ ಅಮೆರಿಕದ ಆನ್ಸಿ ಎಸ್12.60 ಮಾನದಂಡದ 0.6 ಸೆಕೆಂಡು ಇರುವುದು ಮಕ್ಕಳಿಲ್ಲದ, ಬೆಂಚು ಹಾಕಿದ ಕೋಣೆಗೆ. ಗಾತ್ರ 283 ಘನ ಮೀಟರ್ ಒಳಗಿದ್ದರೆ ಈ ಅಂಕಿ. ಮಕ್ಕಳ ಸಂಖ್ಯೆ ಕಟ್ಟಡ ಕಟ್ಟುವವರ ಕೈಯಲ್ಲಿಲ್ಲ. ಜ್ವರದ ಸೀಸನ್ನಿನಲ್ಲಿ ಅರ್ಧ ಕ್ಲಾಸೇ ಬರುವುದಿಲ್ಲ, ಆಗಲೂ ಪಾಠ ಕೇಳಬೇಕು. ಹಾಗಾಗಿ 14 ಅನ್ನು ಲೆಕ್ಕಕ್ಕೇ ತರಬಾರದು. 38.6ರಲ್ಲಿ 5.4 ಕಳೆದರೆ 33.2, ಅದನ್ನು 0.77ರಿಂದ ಭಾಗಿಸಿದರೆ 43 ಚದರ ಮೀಟರ್. ಚಾವಣಿ ಇರುವುದೇ 48. ಹೆಚ್ಚುಕಮ್ಮಿ ಪೂರ್ತಿ ಚಾವಣಿ!

ನನ್ನ ಇಷ್ಟದ ಶಾರ್ಟ್‌ಕಟ್ ಇಲ್ಲಿಂದಲೇ ಹುಟ್ಟಿದ್ದು. 0.161ನ್ನು 0.6ರಿಂದ ಭಾಗಿಸಿ, ಎತ್ತರ 3ರಿಂದ ಗುಣಿಸಿ: 0.8. ಅಂದರೆ 3 ಮೀಟರ್ ಎತ್ತರದ ಕೋಣೆಗೆ ಬೇಕಾದ ಹೀರಿಕೆ ನೆಲದ ವಿಸ್ತೀರ್ಣದ ಶೇ. 80. ಉದ್ದ ಅಗಲ ಎಷ್ಟೇ ಇರಲಿ, ಗುರಿ 0.6 ಇರುವ ತನಕ ನಡೆಯುತ್ತದೆ. ಎತ್ತರ 3.6 ಆದರೆ ಸುಮಾರು ಶೇ. 97 ಆಗಿಬಿಡುತ್ತದೆ, ಬರೀ ಚಾವಣಿ ಸಾಲುವುದಿಲ್ಲ. ಹಳೇ ಶಾಲೆಗಳ ಎತ್ತರದ ಕೋಣೆ ಯಾಕೆ ಗುಂಯ್ ಅನ್ನುತ್ತೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ತೆರೆದ ಕಿಟಕಿ

ಹೀರಿಕೆ ಗುಣಾಂಕಗಳ ಪಟ್ಟಿಯಲ್ಲಿ ತೆರೆದ ಕಿಟಕಿಗೆ 1.0. ಹೊರಗೆ ಹೋದ ಸದ್ದು ವಾಪಸ್ ಬರುವುದಿಲ್ಲವಲ್ಲ, ಅದಕ್ಕೆ. 1.2 ಮೀಟರ್ ಚೌಕದ ಮೂರು ಕಿಟಕಿ ತೆಗೆದರೆ 4.3 ಹೀರಿಕೆ ಸಿಗುತ್ತದೆ, 4.3 ಸೆಕೆಂಡಿನ ಖಾಲಿ ಕೋಣೆ 2.4ಕ್ಕೆ ಇಳಿಯುತ್ತದೆ. ಹಾಗಾದರೆ ಕಿಟಕಿ ತೆಗೆದರೆ ಕೆಲಸ ಮುಗೀತಾ? ಇಲ್ಲ. ಇಲ್ಲಿ ಎರಡು ಖಾತೆ ಇವೆ. ಒಳಗಿನ ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ಒಂದು. ಹೊರಗಿನ ಸದ್ದು ಎಷ್ಟು ಒಳಬರುತ್ತದೆ ಅನ್ನುವುದು ಇನ್ನೊಂದು. ಸೂತ್ರಕ್ಕೆ ಮೊದಲನೆಯದಷ್ಟೇ ಗೊತ್ತು. ಬಸ್ಸಿನ ಹಾರ್ನ್ ಅದಕ್ಕೆ ಕೇಳಿಸುವುದಿಲ್ಲ. ಅದೇ ಮಾನದಂಡದಲ್ಲಿ ಹಿನ್ನೆಲೆ ಸದ್ದಿಗೆ ಮಿತಿ 35 ಡೆಸಿಬಲ್. ರಸ್ತೆ ಬದಿ ಕಿಟಕಿ ತೆರೆದಿಟ್ಟು ಅದನ್ನು ಮುಟ್ಟುವ ಆಸೆ ಬಿಡಿ.

ಇದರ ತಿರುವುಮುರುವೂ ಅಷ್ಟೇ ನಿಜ. ಫೋಮ್ ಅಂಟಿಸಿದರೆ ಹೊರಗಿನ ಗಲಾಟೆ ನಿಲ್ಲುವುದಿಲ್ಲ. ತಡೆಯಲು ಬೇಕಾದ್ದು ತೂಕ: ದಪ್ಪ ಗೋಡೆ, ಸಂದಿಯಿಲ್ಲದ ಬಾಗಿಲು. ಮೊಟ್ಟೆ ಟ್ರೇ ಎರಡೂ ಖಾತೆಗೆ ಹೆಚ್ಚು ಉಪಯೋಗವಿಲ್ಲ, ಮೇಲಾಗಿ ಬೆಂಕಿಗೆ ಆಹ್ವಾನ. ನಮ್ಮ ಕಡೆ ಕಿಟಕಿ ಮುಚ್ಚಿ ಪಾಠ ಮಾಡಲು ಸೆಕೆ ಬಿಡುವುದಿಲ್ಲ. ಹಾಗಾಗಿ ಪ್ಲಾನ್ ಹಂತದಲ್ಲೇ ಕ್ಲಾಸಿನ ಕಿಟಕಿ ಒಳ ಅಂಗಳಕ್ಕೆ ತಿರುಗಿಸಿ, ರಸ್ತೆ ಕಡೆಗೆ ಸ್ಟೋರ್, ಶೌಚಾಲಯ ಹಾಕುವುದೇ ಅಗ್ಗದ ಉಪಾಯ.

ಉಳಿದದ್ದು, ಬೇಗ

ಫ್ಯಾನಿನ ಬೇರಿಂಗ್ ರಿಪೇರಿ. ಬೆಂಚಿನ ಕಾಲಿಗೆ ರಬ್ಬರ್ ಬುಷ್. ತೆಳು ಸಾಫ್ಟ್‌ಬೋರ್ಡ್ ಹೆಚ್ಚಿನ ಆವರ್ತನದ, ಅಂದರೆ ಕೀಚಲು ಸದ್ದನ್ನಷ್ಟೇ ಚೆನ್ನಾಗಿ ಹೀರುತ್ತದೆ. ಪರದೆ ಹಾಕುವುದಾದರೆ ದಪ್ಪ ಬಟ್ಟೆ, ಜಾಸ್ತಿ ನೆರಿಗೆ.

ಹೀರಿಕೆ ಪೂರ್ತಿ ಚಾವಣಿಗೇ ಹಾಕಿದರೆ ಒಂದು ತೊಂದರೆ ಇದೆ. ಸದ್ದು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದೆ ಎಂದು ಸಬೀನ್ ಸೂತ್ರ ನಂಬುತ್ತದೆ. ಎದುರುಬದುರು ಬರಿಗೋಡೆಗಳ ನಡುವೆ ಸದ್ದು ಚಾವಣಿಯ ಗೊಡವೆಗೇ ಹೋಗದೆ ಓಡಾಡುತ್ತಿರುತ್ತದೆ. ಖಾಲಿ ಕೋಣೆಯ ಮಧ್ಯೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ‘ಟರ್‍ರ್’ ಎಂದು ಬಾಲ ಬಂದರೆ ಇದೇ ಕಾರಣ. ಒಂದಷ್ಟು ಟೈಲನ್ನು ಹಿಂದಿನ ಗೋಡೆಗೂ ಒಂದು ಪಕ್ಕದ ಗೋಡೆಗೂ ಹಾಕಿ. ಟೀಚರ್ ನಿಲ್ಲುವ ಕಡೆಯ ಚಾವಣಿಯ ತುಂಡನ್ನು ಗಟ್ಟಿಯಾಗೇ ಬಿಡಿ. ಅಲ್ಲಿಂದ ಪುಟಿದ ದನಿ ನೇರ ದನಿಯ ಹಿಂದೆಯೇ, 50 ಮಿಲಿಸೆಕೆಂಡಿನ ಒಳಗೆ ಕೊನೇ ಬೆಂಚಿಗೆ ಮುಟ್ಟುತ್ತದೆ, ಕಿವಿ ಎರಡನ್ನೂ ಒಂದೇ ದನಿ ಎಂದು ಕೂಡಿಸಿಕೊಳ್ಳುತ್ತದೆ.