ಕಣಿವೆಯಲ್ಲಿ ವಿಮಾನ ತಿರುಗಲು ಎಷ್ಟು ಜಾಗ ಬೇಕು?

2019ರ ಜೂನ್ 3ರ ಮಧ್ಯಾಹ್ನ ವಾಯುಪಡೆಯ ಎಎನ್-32 ಸಾಗಣೆ ವಿಮಾನ ಅಸ್ಸಾಂನ ಜೋರ್ಹಾಟ್‌ನಿಂದ ಅರುಣಾಚಲದ ಮೆಚುಕಾಗೆ ಹೊರಟಿತು. ಒಳಗೆ 13 ಜನ. ಒಂದು ಗಂಟೆ ಹೊತ್ತಿಗೆ ಸಂಪರ್ಕ ಕಡಿದುಹೋಯಿತು. ಅವಶೇಷ ಕಣ್ಣಿಗೆ ಬಿದ್ದದ್ದು ಎಂಟು ದಿನ ಹುಡುಕಿದ ಮೇಲೆ, ಸುಮಾರು 12,000 ಅಡಿ ಎತ್ತರದ ದಟ್ಟ ಕಾಡಿನ ಬೆಟ್ಟದಲ್ಲಿ. ಒಬ್ಬರೂ ಉಳಿಯಲಿಲ್ಲ.

ಇಂಥ ಸುದ್ದಿ ಓದಿದ ಕೂಡಲೇ ‘ಇಂಜಿನ್ ಕೆಟ್ಟಿರಬೇಕು’ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಬೆಟ್ಟಗಳ ನಡುವೆ ಯಾವ ಭಾಗವೂ ಕೆಡದ ವಿಮಾನ ಕೂಡ ಅಪಾಯಕ್ಕೆ ಸಿಕ್ಕಿಕೊಳ್ಳಬಹುದು. ಅದಕ್ಕೆ ಮುಖ್ಯ ಕಾರಣ ತೆಳು ಗಾಳಿ.

ಚಿಕ್ಕಬಳ್ಳಾಪುರದಿಂದ ನಂದಿ ಬೆಟ್ಟ ಹತ್ತುವಾಗ ತಿರುವುಗಳಲ್ಲಿ ಕಿವಿ ಕಟ್ಟಿಕೊಳ್ಳುತ್ತದೆ. ಗಾಳಿಯ ಒತ್ತಡ ಇಳಿಯುತ್ತಿದೆ ಎಂದು ಅರ್ಥ. ಬೆಟ್ಟದ ಎತ್ತರ 1,478 ಮೀಟರ್. ಸಮುದ್ರಮಟ್ಟದ ಗಾಳಿಗಿಂತ ಅಲ್ಲಿನ ಗಾಳಿ ಸುಮಾರು ಶೇ 13ರಷ್ಟು ತೆಳು. 12,000 ಅಡಿಗೆ ಹೋದರೆ ಶೇ 30ರಷ್ಟು ತೆಳು.

ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಸುತ್ತ ಹರಿಯುವ ಗಾಳಿ. ಅದು ತೆಳುವಾದರೆ ಅಷ್ಟೇ ಭಾರ ಹೊರಲು ಜಾಸ್ತಿ ವೇಗ ಬೇಕು. ಸಮುದ್ರಮಟ್ಟದಲ್ಲಿ ಗಂಟೆಗೆ 300 ಕಿ.ಮೀ. ಸಾಕಾಗುವ ಕಡೆ 12,000 ಅಡಿಯಲ್ಲಿ 360 ಬೇಕು. ವೇಗ ಹೆಚ್ಚಿದರೆ ತಿರುವಿನ ಸುತ್ತಳತೆಯೂ ಹಿಗ್ಗುತ್ತದೆ, ಅದೂ ವೇಗದ ವರ್ಗಕ್ಕೆ ತಕ್ಕಂತೆ. ರೆಕ್ಕೆಯನ್ನು 30 ಡಿಗ್ರಿ ವಾಲಿಸಿ ಪೂರ್ತಿ ಹಿಂದಕ್ಕೆ ತಿರುಗಲು ಕೆಳಗೆ ಸುಮಾರು ಎರಡೂವರೆ ಕಿ.ಮೀ. ಅಗಲ ಸಾಕು. ಮೇಲೆ ಮೂರೂವರೆ ಕಿ.ಮೀ. ಬೇಕು. ಆದರೆ ಕಣಿವೆ ಮೇಲೇರಿದಂತೆ ಕಿರಿದಾಗುತ್ತಾ ಹೋಗುತ್ತದೆ!

ಇನ್ನಷ್ಟು ವಾಲಿಸಬಾರದೇ? ವಾಲಿಸಬಹುದು. ಆದರೆ ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಬೇಕಾದರೆ ರೆಕ್ಕೆ ಎರಡರಷ್ಟು ಭಾರ ಹೊರಬೇಕು. ಸರಕು ತುಂಬಿದ ವಿಮಾನಕ್ಕೆ ತೆಳು ಗಾಳಿಯಲ್ಲಿ ಅದು ತೀರಾ ಕಷ್ಟ. ಅಷ್ಟರಲ್ಲಿ ಇಂಜಿನ್ನಿನ ಶಕ್ತಿಯೂ ಇಳಿದಿರುತ್ತದೆ. ಎಎನ್-32ಕ್ಕೆ ಅದರ ಹಿಂದಿನ ಎಎನ್-26ಕ್ಕಿಂತ ಬಲವಾದ ಇಂಜಿನ್ ಕೂರಿಸಿದ್ದು ಸುಮ್ನೆ ಅಲ್ಲ. ಭಾರತದ ಸೆಕೆ, ಎತ್ತರ ಎರಡಕ್ಕೂ ಬೇಕೆಂದೇ ಹಾಗೆ ಮಾಡಿದರು.

ಇದರ ಮೇಲೆ ಬೆಟ್ಟದ ಗಾಳಿ ಬೇರೆ. ಆಷಾಢದಲ್ಲಿ ನಂದಿಯ ಬಂಡೆಯಂಚಿನಲ್ಲಿ ನಿಂತು ಹದ್ದುಗಳನ್ನು ನೋಡಿ. ರೆಕ್ಕೆ ಬಡಿಯದೆಯೇ ಮೇಲೇರುತ್ತವೆ. ಬೆಟ್ಟಕ್ಕೆ ಬಡಿದ ಗಾಳಿ ಮೇಲಕ್ಕೆ ನುಗ್ಗಿ ಅವನ್ನು ಎತ್ತುತ್ತದೆ. ಅದೇ ಗಾಳಿ ಬೆಟ್ಟದ ನೆತ್ತಿ ದಾಟಿ ಆಚೆ ಮಗ್ಗುಲಿಗೆ ಇಳಿಯುವಾಗ ಸಿಕ್ಕಿದ್ದನ್ನೆಲ್ಲ ಕೆಳಕ್ಕೆ ತಳ್ಳುತ್ತದೆ. ಹಿಮಾಲಯದಲ್ಲಿ ಈ ತಳ್ಳು ವಿಮಾನ ಏರುವ ವೇಗವನ್ನೇ ಮೀರಬಹುದು. ಪೈಲಟ್ ಮೂತಿ ಮೇಲೆತ್ತಿದ್ದರೂ ವಿಮಾನ ಇಳಿಯುತ್ತಲೇ ಇರುತ್ತದೆ. ಎದುರಿನ ಬೆಟ್ಟವನ್ನು ಮೋಡ ಮುಚ್ಚಿದ್ದರೆ ತಿರುಗಬೇಕೆಂಬುದು ಹೊಳೆಯುವ ಹೊತ್ತಿಗೆ ಕಾಲ ಮೀರಿರುತ್ತದೆ.

ಈ ಲೆಕ್ಕ ಗೊತ್ತಿರುವುದರಿಂದಲೇ ಬೆಟ್ಟದಲ್ಲಿ ಹಾರುವವರು ಕಣಿವೆಯ ನಟ್ಟನಡುವೆ ಸಾಗುವುದಿಲ್ಲ. ಒಂದು ಪಕ್ಕಕ್ಕೆ ಸರಿದು ಹಾರುತ್ತಾರೆ. ನಡುವೆ ಹೋದರೆ ತಿರುಗಲು ಅರ್ಧ ಅಗಲವಷ್ಟೇ ಸಿಗುತ್ತದೆ, ಪಕ್ಕದಲ್ಲಿದ್ದರೆ ಪೂರ್ತಿ ಕಣಿವೆ ಸಿಗುತ್ತದೆ. ಬೆಟ್ಟಸಾಲಿನ ನೆತ್ತಿಯನ್ನು ದಾಟುವಾಗಲೂ ನೇರ ನುಗ್ಗದೆ 45 ಡಿಗ್ರಿ ಓರೆಯಾಗಿ ಹೋಗುತ್ತಾರೆ. ಗಾಳಿ ಕೆಳಕ್ಕೆ ಒತ್ತಿದರೆ ಬೇಗ ಹೊರಳಿ ತಗ್ಗಿನ ಕಡೆ ಬರಬಹುದು.